ಜಾಮೀನಿಲ್ಲದ ಸಾಲ

ಶ್ರೀ ವಿಜಯ್ ಮಲ್ಯ ಅವರಿಗೆ,

ನಾನು ಲಂಡನ್ನಿನ ಹೌನ್ಸ್ಲೋದಲ್ಲಿ ಮದುವೆ, ಸೀಮಂತಗಳಿಗೆ ಅಡುಗೆ ಮಾಡಿಕೊಡುವವಳು. ಒಬ್ಬರ ಮನೆಯ ಮದುವೆಗೆ ಮುನ್ನೂರು ಎಲೆ ಹಾಕಿಸಿದೆ, 5,600 ಪೌಂಡ್ ಬಾಕಿ ಉಳಿಯಿತು. ಕಾಯಿ ತುರಿದು, ಪಾತ್ರೆ ತೊಳೆದ ನಾಲ್ವರಿಗೆ ಅವತ್ತು ರಾತ್ರಿಯೇ ಕೈಯಿಂದ ಕೊಟ್ಟು ಕಳಿಸಿದೆ. ನನ್ನ ದುಡ್ಡು ಮಾತ್ರ ವರ್ಷವಾದರೂ ಬರಲಿಲ್ಲ. ಫೋನು ಮಾಡಿದರೆ 'ಮುಂದಿನ ವಾರ' ಅನ್ನುತ್ತಿದ್ದರು.

ಕೊನೆಗೆ ಸ್ಟ್ಯಾಚುಟರಿ ಡಿಮ್ಯಾಂಡ್ ಕಳಿಸಿದೆ. ಇಲ್ಲಿನ 1986ರ ದಿವಾಳಿ ಕಾಯ್ದೆಯ ನೋಟಿಸು ಅದು. ಕೋರ್ಟ್ ಫೀಸಿಲ್ಲ, ನಮೂನೆ ತುಂಬಿ ಸಾಲಗಾರನ ಕೈಗೆ ಮುಟ್ಟಿಸಬೇಕು. ಸಾಲ 5,000 ಪೌಂಡಿಗೆ ಕಡಿಮೆ ಇರಬಾರದು. ತಕರಾರಿದ್ದರೆ ಆತ 18 ದಿನದೊಳಗೆ ಕೋರ್ಟಿಗೆ ಹೋಗಬಹುದು. ಸುಮ್ಮನಿದ್ದು 21 ದಿನ ಕಳೆದರೆ ದಿವಾಳಿ ಅರ್ಜಿ ಹಾಕುವ ದಾರಿ ತೆರೆಯುತ್ತದೆ. ಹದಿನಾರನೇ ದಿನ ಪೂರ್ತಿ ಹಣ ಬಂತು.

ಆ ದಿನಗಳನ್ನು ಎಣಿಸುವಾಗಲೇ ನಿಮ್ಮ ನೆನಪಾದದ್ದು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ನಿಮ್ಮ ಕಿಂಗ್‌ಫಿಶರ್ ವಿಮಾನ ಕಂಪನಿಯ ಸಾಲದ 6,203 ಕೋಟಿ ರೂಪಾಯಿ, ಮೇಲೆ ಶೇ 11.5 ಬಡ್ಡಿ ವಸೂಲಿಗೆ ಒಪ್ಪಿಗೆ ಕೊಟ್ಟಿತು. ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ ಬ್ಯಾಂಕುಗಳು ಮರುವರ್ಷ ಲಂಡನ್ನಿಗೇ ಬಂದು ದಿವಾಳಿ ಅರ್ಜಿ ಹಾಕಿದವು. 2021ರ ಜುಲೈ 26ರಂದು ಇಲ್ಲಿನ ಹೈಕೋರ್ಟ್ ನಿಮ್ಮನ್ನು ದಿವಾಳಿ ಎಂದು ಘೋಷಿಸಿತು. ನಿಮ್ಮ ಆಸ್ತಿಯಿಂದ 14,131 ಕೋಟಿ ಬ್ಯಾಂಕುಗಳಿಗೆ ಮರಳಿದೆ ಎಂದು ಹಣಕಾಸು ಸಚಿವರು 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ಹೇಳಿದರು. ಲೆಕ್ಕ ಕೊಡಿಸಿ ಎಂದು ನೀವು ಕರ್ನಾಟಕ ಹೈಕೋರ್ಟಿಗೆ ಹೋದಿರಿ. ಅದು ನ್ಯಾಯವಾದ ಕೋರಿಕೆ. ಕೊಟ್ಟವನಿಗೂ ಲೆಕ್ಕ ಕೇಳುವ ಹಕ್ಕಿದೆ.

ಆದರೆ 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ವಿಮಾನಗಳು ನೆಲಕ್ಕಿಳಿದಾಗ ನೌಕರರಿಗೆ ಏಳು ತಿಂಗಳ ಸಂಬಳ ಬಾಕಿಯಿತ್ತು. ಬ್ಯಾಂಕುಗಳ ಕೈಯಲ್ಲಿ ನಿಮ್ಮ ವೈಯಕ್ತಿಕ ಜಾಮೀನಿನ ಸಹಿ ಇತ್ತು, ಅದನ್ನು ಹಿಡಿದೇ ಸಮುದ್ರ ದಾಟಿದವು. ಎಂಜಿನಿಯರಿಗೆ, ಸಾಮಾನು ಹೊರುವವನಿಗೆ ನೀವು ಅಂಥ ಕಾಗದ ಬರೆದುಕೊಟ್ಟಿರಲಿಲ್ಲ. ಅವರ ಸಾಲಗಾರ ಕಂಪನಿ, ನೀವಲ್ಲ. ನಾನು ತುಂಬಿದ ಆ ನಮೂನೆಯನ್ನು ನಿಮ್ಮ ಹೆಸರಿಗೆ ತುಂಬುವ ದಾರಿಯೂ ಅವರಿಗಿರಲಿಲ್ಲ. ಮುಷ್ಕರ ಹೂಡಿ ಬಾಗಿಲಲ್ಲಿ ನಿಂತರು.

ಕಾನೂನು ನಿಮ್ಮಿಂದ ಕೇಳದೇ ಇರುವುದನ್ನು ನಾನು ಕೇಳುತ್ತಿದ್ದೇನೆ. ಬ್ಯಾಂಕಿಗೆ ಎಷ್ಟು ಹೋಯಿತೆಂದು ಮತ್ತೊಮ್ಮೆ ಬರೆಯುವಾಗ, ಅದೇ ಹಾಳೆಯ ಮೊದಲ ಸಾಲಿನಲ್ಲಿ ಆ ಏಳು ತಿಂಗಳ ಸಂಬಳವನ್ನೂ ಬರೆಯಿರಿ.

ಇತಿ,
ಹೌನ್ಸ್ಲೋದ ಒಬ್ಬ ಅಡುಗೆಯವಳು