ಸೌಂಡಪ್ಪ

ಮಂಡ್ಯ ತಾಲೂಕಿನ ಕೊತ್ತತ್ತಿಯಲ್ಲಿ ಅವನ ಅಸಲಿ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಊರ ಬಾಯಲ್ಲಿ ಅವನು ಸೌಂಡಪ್ಪ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಒಂದಷ್ಟು ಕಾಲ ಕಂಪನಿಯ ಕುರ್ಚಿ ಬಿಸಿ ಮಾಡಿ, ಬೇಜಾರಾಗಿ ಊರಿಗೆ ವಾಪಸಾದ ಹುಡುಗರಲ್ಲಿ ಕೆಲವರು ಸೀಮೆಹಸು ಕಟ್ಟುತ್ತಾರೆ, ಕೆಲವರು ನಾಟಿಕೋಳಿ ಸಾಕಿ ಕೈ ಸುಟ್ಟುಕೊಳ್ಳುತ್ತಾರೆ, ಕೆಲವರು ಅಪ್ಪ ಮಾಡಿದ ಬೆಲ್ಲಕ್ಕೇ ಇಂಗ್ಲಿಷ್ ಹೆಸರಿಟ್ಟು ಮೂರು ಪಟ್ಟು ದುಡ್ಡಿಗೆ ಮಾರುತ್ತಾರೆ. ಇವನು ಬಂದಿದ್ದು ಸದ್ದು ಹಿಡಿಯಲು. ಹಿಡಿದ ಸದ್ದನ್ನು ಕಂಪ್ಯೂಟರಿಗೆ ಹಾಕಿ, ಕತ್ತರಿಸಿ, ಎಳೆದು, ತಿರುಗಾ ಮುರುಗಾ ಮಾಡಿ ಹಾಡು ಕಟ್ಟುತ್ತಾನಂತೆ. ಈ ಜಾತಿಯ ಹುಡುಗ ಮಲೆನಾಡಿನಲ್ಲಿದ್ದರೆ ಮಳೆ ಹಿಡಿಯುತ್ತಾನೆ, ಕರಾವಳಿಯಲ್ಲಿದ್ದರೆ ಕಡಲು. ನಮ್ಮವನಿಗೆ ಸಿಕ್ಕಿದ್ದು ಆಲೆಮನೆ, ಪಂಪ್‌ಸೆಟ್ಟು, ನಾಲೆಯ ತೂಬು.

ಅವನನ್ನು ಗುರುತಿಸುವುದು ಸುಲಭ. ಕಿವಿ ತುಂಬ ಹೆಡ್‌ಫೋನು, ಕೈಯಲ್ಲಿ ರೆಕಾರ್ಡರು, ಅದರ ತುದಿಗೆ ಗಾಳಿ ಸದ್ದು ನುಗ್ಗದಂತೆ ತೊಡಿಸಿದ ತುಪ್ಪಳದ ಟೋಪಿ. ಮೊದಲ ಸಲ ಅದನ್ನು ಹಿಡಿದು ಬೀದಿಗಿಳಿದಾಗ ಊರ ನಾಯಿಗಳು ಮುಂಗುಸಿ ಅಂದುಕೊಂಡು ನಾಲೆ ಏರಿಯವರೆಗೂ ಅಟ್ಟಿಸಿಕೊಂಡು ಹೋದವು. ಓಡುವಾಗಲೂ ಪುಣ್ಯಾತ್ಮ ರೆಕಾರ್ಡರ್ ಆಫ್ ಮಾಡಲಿಲ್ಲ. ಅವನ ಮೊದಲ ಹಾಡು ಶುರುವಾಗುವುದೇ ಆ ಬೊಗಳಿಕೆಯಿಂದ. ತಾಳಕ್ಕಿರುವುದು ಅವನದೇ ಹವಾಯಿ ಚಪ್ಪಲಿ.

ಅವನ ಎದುರು ಬದುಕುವುದು ಮಾತ್ರ ಕಷ್ಟ. ‘ಊಟ ಆಯ್ತೇನಪ್ಪ?’ ಅಂದರೆ ತುಟಿಗೆ ಬೆರಳಿಟ್ಟು ನಿಲ್ಲಿಸುತ್ತಾನೆ. ಒಂದೊಂದು ಜಾಗಕ್ಕೂ ಅದರದೇ ಮೌನ ಇರುತ್ತದಂತೆ, ಕತ್ತರಿಸಿದ ಸದ್ದುಗಳ ಸಂದಿಗೆ ತುಂಬಲು ಅದನ್ನು ಬೇರೆಯಾಗಿ ಹಿಡಿದಿಟ್ಟುಕೊಳ್ಳಬೇಕಂತೆ. ಅದರ ಹೆಸರು ರೂಮ್ ಟೋನ್. ಸೋದರತ್ತೆಯ ಮನೆಗೆ ಹೋದವನು ಫ್ಯಾನ್ ಆರಿಸಿ, ಮಿಕ್ಸಿ ನಿಲ್ಲಿಸಿ, ಮಕ್ಕಳನ್ನು ಹೊರಗೆ ಕಳಿಸಿ, ಒಗ್ಗರಣೆಗೂ ತಡೆಯಾಜ್ಞೆ ಕೊಟ್ಟು, ‘ಅತ್ತೆ, ಮನೆ ಸದ್ದು ಹಿಡೀಬೇಕು, ಯಾರೂ ಉಸಿರೆತ್ಬೇಡಿ’ ಅಂದ. ಅತ್ತೆ ಸೌಟು ಹಿಡಿದೇ ಕೇಳಿದಳು: ‘ನಾವೆಲ್ಲ ಸುಮ್ಕಿದ್ರೆ ಮನೇಲಿ ಸದ್ದು ಎಲ್ಲಿಂದ ಬಂದದ್ಲಾ?’

ಇಷ್ಟು ಮೂಲಭೂತವಾದ ಪ್ರಶ್ನೆ ಅವನಿಗೆ ಬೆಂಗಳೂರಿನಲ್ಲಿ ಯಾರೂ ಕೇಳಿರಲಿಲ್ಲ.

ಟೀ ಅಂಗಡಿ ಬೆಂಚಿನ ಮೇಲೆ ಅವನ ಉಪನ್ಯಾಸ ಇರುತ್ತದೆ. ಅದರಲ್ಲಿ ಮೂರು ಊರು ಬರಲೇಬೇಕು. ಮೊದಲನೆಯದು ಕೈರೋ: 1944ರಲ್ಲಿ ಹಲೀಮ್ ಎಲ್‌-ದಬ್ ಎಂಬಾತ ರೇಡಿಯೋದವರ ವೈರ್ ರೆಕಾರ್ಡರ್ ಎರವಲು ಪಡೆದು, ದೆವ್ವ ಬಿಡಿಸುವ ಹೆಂಗಸರ ಹಾಡು ಹಿಡಿದು ತಂದು, ಅದನ್ನೇ ತಿದ್ದಿ ತೀಡಿ ಸಂಗೀತ ಮಾಡಿದ. ಎರಡನೆಯದು ಪ್ಯಾರಿಸ್: 1948ರಲ್ಲಿ ಪಿಯೆರ್ ಶೆಫರ್ ಎಂಬ ರೇಡಿಯೋ ಎಂಜಿನಿಯರ್ ಬರೀ ರೈಲು ಎಂಜಿನ್ನಿನ ಸದ್ದುಗಳಿಂದ ಒಂದು ಕೃತಿ ಜೋಡಿಸಿ ರೇಡಿಯೋದಲ್ಲಿ ಹಾಕಿಸಿದ. ಮೂರನೆಯದು ಅಮೆರಿಕದ ವುಡ್‌ಸ್ಟಾಕ್: 1952ರಲ್ಲಿ ಜಾನ್ ಕೇಜ್ ಬರೆದ ಕೃತಿಯನ್ನು ‘ನುಡಿಸಲು’ ಪಿಯಾನೋ ಮುಂದೆ ಕೂತ ಡೇವಿಡ್ ಟ್ಯೂಡರ್ 4 ನಿಮಿಷ 33 ಸೆಕೆಂಡು ಒಂದು ಮನೆಯನ್ನೂ ಒತ್ತದೆ ಎದ್ದುಹೋದ. ಸಭಿಕರ ಕೆಮ್ಮು, ಹೊರಗಿನ ಗಾಳಿ, ಇವೇ ಸಂಗೀತ. ಇದನ್ನು ಕೇಳಿದ ಅಂಗಡಿಯವನು ಲೋಟ ತೊಳೆಯುತ್ತಲೇ, ‘ನಮ್ ಮೆಂಬ್ರು ಗ್ರಾಮಸಭೇಲಿ ಐದು ವರ್ಷದಿಂದ ಅದ್ನೇ ಮಾಡ್ತಾವ್ನೆ, ಅವುಂಗ್ ಯಾರೂ ಚಪ್ಪಾಳೆ ತಟ್ನಿಲ್ಲ’ ಅಂದ.

ನಮ್ಮ ರಾಜ್ಯದ ಉದಾಹರಣೆ ಕೇಳಿದರೆ ಸ್ನೇಹಾ ಖಾನ್ವಲ್ಕರ್ ಹೆಸರು ಹೇಳುತ್ತಾನೆ. 2012ರಲ್ಲಿ ಆಕೆ ಟೀವಿಗಾಗಿ ದೇಶ ಸುತ್ತಿ ಸದ್ದು ಹೆಕ್ಕುತ್ತ ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳ ಹತ್ತಿರ ಬಂದು ಹಾಡು ಮಾಡಿದ್ದು ನಿಜ. ಹಿರಿಯರು ಬಿಡುತ್ತಾರೆಯೇ? ಅವರ ಲೆಕ್ಕಕ್ಕೆ ಈ ಕಸುಬಿನ ಮೂಲಪುರುಷ ನಾಗಮಂಗಲ ತಾಲೂಕಿನ ಅಂಬಳಜೀರಹಳ್ಳಿಯ ಜಾನಪದ ವಿದ್ವಾಂಸ ಜೀಶಂಪ. ‘ಜೀ.ಶಂ. ಪರಮಶಿವಯ್ಯನೋರು ಊರೂರಿಗೆ ಬಂದು ಜನರ ಬಾಯಿ ಬಿಡಿಸುದ್ರು. ನೀನು ಬಾಯ್ ಮುಚ್ಸಕ್ಕೆ ಬಂದಿದ್ದೀಯ’ ಎನ್ನುವುದು ಅವರ ದೂರು. ನಾನು ಹಿರಿಯರ ಪಕ್ಷ.

ಪ್ಯಾರಿಸ್ಸಿನವನ ಹಾದಿ ಹಿಡಿದು ಸೌಂಡಪ್ಪ ಮಂಡ್ಯ ಸ್ಟೇಷನ್ನಿಗೂ ಹೋಗಿಬಂದ. ಶೆಫರ್‌ಗೆ ಉಗಿಬಂಡಿ ಸಿಕ್ಕಿತ್ತು. ಇವನ ಕಾಲಕ್ಕೆ ಬೆಂಗಳೂರು-ಮೈಸೂರು ದಾರಿಗೆ ಕರೆಂಟ್ ಎಂಜಿನ್ ಬಂದು, ಚುಕುಬುಕು ಬರೀ ಶಿಶುಗೀತೆಯಲ್ಲಿ ಉಳಿದಿದೆ. ಸರಿ, ರೈಲು ಹತ್ತಿ ಮದ್ದೂರು ವಡೆ ಮಾರುವವನ ಕೂಗಿಗೆ ಮೈಕ್ ಒಡ್ಡಿದ. ‘ಅಣ್ಣ, ಇನ್ನೊಂದ್ಸಲ, ಸ್ವಲ್ಪ ನಿಧಾನಕ್ಕೆ’ ಅಂದದ್ದಕ್ಕೆ ಆತ ‘ನಿಧಾನಕ್ ಕೂಗುದ್ರೆ ಚನ್ನಪಟ್ಣ ಬಂದ್ಬುಡ್ತದೆ. ಮೊದ್ಲು ನಾಕ್ ತಗೊ’ ಅಂದ. ಆ ಹಾಡಿನ ಖರ್ಚು ವಡೆ ಲೆಕ್ಕದಲ್ಲಿದೆ.

ಆಲೆಮನೆಯ ಕತೆ ಬೇರೆ. ಅವನಿಗೆ ಬೇಕಾಗಿದ್ದದ್ದು ಎತ್ತಿನ ಗಾಣದ ಕಿರುಗುಟ್ಟುವಿಕೆ. ಅಲ್ಲಿದ್ದದ್ದು ಮೋಟಾರಿನ ಕ್ರಷರ್, ಜೊತೆಗೆ ಕೂಲಿಯವರ ಮೊಬೈಲಿನಲ್ಲಿ ಸಿನಿಮಾ ಹಾಡು. ಎರಡನ್ನೂ ನಿಲ್ಲಿಸಲಾಗದೆ ಕೊಪ್ಪರಿಗೆಯ ಕಡೆ ತಿರುಗಿದ. ಇಲ್ಲಿ ಅವನ ಕಿವಿಯನ್ನು ಮೆಚ್ಚಲೇಬೇಕು. ಕಬ್ಬಿನ ಹಾಲು ಕಾದು, ಬೆಂಡೆಗಿಡದ ಲೋಳೆ ಬಿದ್ದು, ಮಡ್ಡಿ ಮೇಲೆದ್ದು, ಅದನ್ನು ತೆಗೆದ ಮೇಲೆ ಕುದಿಯುವ ಸದ್ದು ಮೊದಲು ಸಣ್ಣಗೆ, ಚುರುಕಾಗಿ ಇರುತ್ತದೆ. ನೀರು ಆರಿ ಪಾಕ ಗಟ್ಟಿಯಾದಂತೆ ಗುಳ್ಳೆ ದೊಡ್ಡದಾಗಿ, ಒಂದು ಒಡೆದು ಇನ್ನೊಂದು ಏಳಲು ಹೊತ್ತು ಹಿಡಿದು, ಸದ್ದು ಮಂದ್ರಕ್ಕೆ ಇಳಿಯುತ್ತದೆ. ಎಷ್ಟೋ ವರ್ಷದಿಂದ ಬೆಲ್ಲ ತಿಂದ ನಾವ್ಯಾರೂ ಇದನ್ನು ಕೇಳಿಸಿಕೊಂಡಿರಲಿಲ್ಲ. ಅವನು ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಬಗ್ಗಿದ. ಹಬೆಯಲ್ಲಿ ಕಣ್ಣು ಕಾಣದೆ ತುಪ್ಪಳದ ಟೋಪಿ ಪಾಕಕ್ಕೆ ತಾಗಿತು. ಅಷ್ಟರಲ್ಲಿ ಹದ ನೋಡುವವನು ಕೊಪ್ಪರಿಗೆ ಇಳಿಸಲು ಕೂಗು ಹಾಕಿದ. ನಮ್ಮವನು ಗಾಬರಿಯಾಗಿ, ‘ಇಳಿಸ್ಬೇಡಿ, ಇನ್ನೊಂದು ಟೇಕ್!’ ಅಂದ. ‘ಟೇಕ್ ಬೇಕಾದ್ರೆ ಇನ್ನೊಂದು ಟನ್ ಕಬ್ಬು ಕಡ್ಕಂಡ್ ಬಾ’ ಎಂಬ ಉತ್ತರವೂ ರೆಕಾರ್ಡ್ ಆಗಿದೆ. ಆಮೇಲೆ ಒಂದು ವಾರ ಮೈಕಿನಲ್ಲಿ ಇರುವೆ. ಇರುವೆ ನಡೆಯುವ ಸದ್ದು ಅಪರೂಪದ್ದೆಂದು ಅದನ್ನೂ ಇಟ್ಟುಕೊಂಡಿದ್ದಾನೆ.

ಇನ್ನು ಶ್ರುತಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹೊಡೆಯುವುದರಿಂದ ಟ್ರಾನ್ಸ್‌ಫಾರ್ಮರ್ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತದೆ. ಹಗಲೂ ರಾತ್ರಿ ಊರೆಲ್ಲ ಕೇಳುವ ನಾದ ಇದೊಂದೇ ಆದ್ದರಿಂದ ಕೊತ್ತತ್ತಿಯ ಆಧಾರ ಷಡ್ಜ ಇದೇ ಎಂದು ಘೋಷಿಸಿ, ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರನ್ನು ಕಂಬದ ಬುಡಕ್ಕೆ ಕರೆದುಕೊಂಡು ಹೋದ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ಪೆಟ್ಟಿಗೆಯ ಮನೆ ಒತ್ತಿ ನೋಡಿ ತೀರ್ಪು ಕೊಟ್ಟರು: ‘ಬಿಳಿ ಐದೂ ಅಲ್ಲ, ಕಪ್ಪು ನಾಕೂ ಅಲ್ಲ, ಮಧ್ಯದಲ್ಲಿ ಬಿದ್ದು ಒದ್ದಾಡ್ತಾ ಅದೆ. ಲೈನ್‌ಮನ್‌ಗೆ ಹೇಳಿ ಒಂಚೂರು ಇಳಿಸ್ಕೊಡು, ನಮ್ ಕೃಷ್ಣನ್ ಪಾತ್ರದೋನ್ ಕೈಲಿ ಕಂದ ಹಾಡುಸ್ತೀನಿ.’

ಊರೂ ನಿಧಾನಕ್ಕೆ ಅವನಿಗೆ ಒಗ್ಗಿತು. ‘ನಮ್ಮನೆ ಬಾಗ್ಲು ಕಿರ್ರಂತದೆ, ಬಂದು ಹಿಡ್ಕೊಂಡೋಗು’ ಎಂಬ ಆಹ್ವಾನಗಳು ಬಂದವು. ಬಾಗಿಲಿಗೆ ಎಣ್ಣೆ ಹಾಕಬೇಡಿ ಎಂದು ಕೈಮುಗಿದ. ಮಗ ರಾತ್ರಿ ಎಷ್ಟು ಹೊತ್ತಿಗೆ ಬಂದ ಅಂತ ಆ ಬಾಗಿಲ ಸದ್ದಿನಿಂದಲೇ ಲೆಕ್ಕ ಇಡುತ್ತಿದ್ದ ಅವ್ವಂದಿರಿಗೆ ಇದು ಹಿಡಿಸಿತು. ಮಗಂದಿರಿಗೆ ಹಿಡಿಸಲಿಲ್ಲ. ಹಬ್ಬದಲ್ಲಿ ಪೂಜಾರಿಯ ಮೈಮೇಲೆ ದೇವರು ಬಂದಾಗ ಹತ್ತಿರ ಹೋಗಿ, ‘ಸ್ವಾಮಿ, ಒಂಚೂರು ಮೈಕಿನ ಕಡೆ ತಿರುಗಿ’ ಅಂದನಂತೆ. ದೇವರು ತಿರುಗಿತಂತೆ.

ಕೊನೆಗೆ ಹಾಡು ತಯಾರಾಗಿ, ಶಾಮಿಯಾನದವನ ಸೌಂಡ್ ಸಿಸ್ಟಮಿನಲ್ಲಿ ದೇವಸ್ಥಾನದ ಮುಂದೆ ಬಿಡುಗಡೆಯಾಯಿತು. ಆರು ನಿಮಿಷ. ಯಾರೂ ಕುಣಿಯಲಿಲ್ಲ, ಆದರೆ ಯಾರೂ ಎದ್ದೂ ಹೋಗಲಿಲ್ಲ. ತಮ್ಮ ತಮ್ಮ ಬಾಗಿಲು ಬರುತ್ತದೆಂದು ಕಾಯುತ್ತಿದ್ದರು. ನಡುವೆ ಒಂದು ತಾಳ, ಕರ್-ಕರ್-ಟಕ್, ಕರ್-ಕರ್-ಟಕ್. ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅದು ಅವನ ಹೆಮ್ಮೆಯ ಭಾಗ. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬರುವುದನ್ನೇ ಕಾದು ಬಾವಿ ಕಟ್ಟೆಯ ಮೇಲೆ ಹಿಡಿದದ್ದು. ಹಿಂದಿನ ಸಾಲಿನಿಂದ ಮೋಟಾರ್ ವೈಂಡಿಂಗ್ ಅಂಗಡಿಯವನು ಎದ್ದು ನಿಂತ.

‘ಅದ್ಯಾರ್ ಮೋಟ್ರುಲಾ? ಬೇರಿಂಗ್ ಹೋಗದೆ. ಇನ್ನೆಂಟು ದಿನ ಓಡುದ್ರೆ ಕಾಯಿಲ್ ಸುಟ್ಟೋಯ್ತದೆ!’

ಮೋಟಾರಿನ ಯಜಮಾನ ಅಲ್ಲಿಂದಲೇ ಗದ್ದೆಗೆ ಓಡಿದ. ಬೆಳಗಾಗುವಷ್ಟರಲ್ಲಿ ಹೊಸ ಬೇರಿಂಗ್ ಬಿದ್ದು ಊರಿನ ಅತ್ಯುತ್ತಮ ತಾಳ ಸತ್ತುಹೋಯಿತು. ಸೌಂಡಪ್ಪ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ಜನ: ‘ನಮ್ ಮೋಟ್ರುನೂ ಒಂದ್ಸಲ ಕೇಳ್ಬುಡು ಮಗ.’ ಈಗ ವೈಂಡಿಂಗ್ ಅಂಗಡಿಯಲ್ಲಿ ಅವನಿಗೊಂದು ಸ್ಟೂಲು ಇದೆ. ಮೋಟಾರಿನ ಮೈಗೆ ಮೈಕು ಅಂಟಿಸಿ, ಹೆಡ್‌ಫೋನ್ ಹಾಕಿ, ಬೇರಿಂಗೋ ಬುಷ್ಷೋ ಹೇಳುತ್ತಾನೆ. ಸಂಬಳ ಅಂತೇನಿಲ್ಲ, ಕೆಟ್ಟ ಮೋಟಾರನ್ನು ಬಿಚ್ಚುವ ಮೊದಲು ಐದು ನಿಮಿಷ ರೆಕಾರ್ಡ್ ಮಾಡಿಕೊಳ್ಳಲು ಬಿಡಬೇಕು ಎಂಬುದಷ್ಟೇ ಒಪ್ಪಂದ. ಅಂಗಡಿಯವನದೂ ಒಂದು ಷರತ್ತಿದೆ: ‘ಏನ್ ಬೇಕಾದ್ರೂ ಹಿಡ್ಕೊ, ಅಂಗ್ಡೀಲಿ ಮಾತ್ರ ನಿನ್ ಹಾಡು ಹಾಕ್ಬೇಡ ಕಣ್ಲಾ. ರಿಪೇರಿ ಆಗಿರೋ ಮೋಟ್ರೂ ಕೆಟ್ಟೋಗದೆ ಅಂದ್ಕೊಂಡು ಗಿರಾಕಿ ದುಡ್ಡು ಕೊಡಕಿಲ್ಲ.’