ಬೆ ಅಂದರೆ ಬೆಲ್ಲವಲ್ಲ

ಶಹಾಪುರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತದೆ. ಅದರಲ್ಲಿ ಅಮಾವಾಸ್ಯೆ, ಹುಣ್ಣಿಮೆ, ರಾಹುಕಾಲಗಳನ್ನು ಒತ್ತರಿಸಿ ನಮ್ಮ ಗೌರಿ ಎಂಬ ಆಕಳು ವಾಸವಾಗಿದ್ದಾಳೆ. ತಾರೀಖಿನ ಮೇಲೆ ಮುಂಜಾನೆಯ ಹಾಲಿನ ಲೆಕ್ಕ, ಕೆಳಗೆ ಸಂಜೆಯದು. ‘ಹಿಂ’ ಅಂದರೆ ಹೊಸ ಹಿಂಡಿ ಚೀಲ ಒಡೆದ ದಿನ, ‘ಡಾ’ ಅಂದರೆ ದನದ ಡಾಕ್ಟರು ಬಂದ ದಿನ. ಬರೆಯುವ ಕಾರುಬಾರೆಲ್ಲ ಮನೆಯಾಕೆಯದು. ನನ್ನ ಪಾಲಿಗೆ ಉಳಿದದ್ದು ಓದುವ ಕೆಲಸ. ಅದನ್ನೂ ನಾನು ಕೆಡಿಸಿದೆ.

ಈ ವರ್ಷ ಜೂನ್ 29ರ ಮುಂಜಾನೆ ಆಕೆ ಗಡಿಬಿಡಿಯಲ್ಲಿ ತವರುಮನೆಗೆ, ಸುರಪುರದ ರಂಗಂಪೇಟೆಗೆ, ಹೋದಳು. ಹೋಗುವ ಮುಂಚೆ ಆ ದಿನದ ಚೌಕದಲ್ಲಿ ‘ಬೆ’ ಎಂದು ಬರೆದಿದ್ದಳು. ಹೇಳದಿದ್ದರೂ ತಿಳಿದುಕೊಳ್ಳುವ ಗಂಡ ನಾನು. ಸಂಜೆ ಎರಡು ಕಿಲೋ ಬೆಲ್ಲ ತಂದಿಟ್ಟೆ. ರಾತ್ರಿ ಗೌರಿ ಒಂದೇಸಮನೆ ಒದರಿದಳು. ಯಜಮಾನತಿಯ ನೆನಪಾಗಿರಬೇಕೆಂದು ನನಗೂ ಒಂದಿಷ್ಟು ಮರುಕ ಬಂತು. ಮರುದಿನ ಸಂಜೆ ಆಕೆ ಚೀಲ ಇಳಿಸುತ್ತಲೇ ಕೇಳಿದಳು:

“ಇಷ್ಟು ಬೆಲ್ಲ ಯಾಕ ತಂದ್ರಿ?”

“ನೀನೇ ಬರದಿಟ್ಟಿದ್ದೆಲ್ಲ?”

“ಬೆಲ್ಲ ಅಲ್ರೀ, ಬೆದಿ! ಆಕಳ ಬೆದಿಗಿ ಬಂದಿತ್ತು!”

ಆಕಳ ಬೆದೆ ಸುಮಾರು 12ರಿಂದ 18 ತಾಸು ಇರುತ್ತದೆ. ಮುಂಜಾನೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಮುಂಜಾನೆಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಮಾಡಿಸಬೇಕು. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ 21 ದಿನವೂ ಆಕಳು ಅಷ್ಟೇ ಕಣಕಿ, ಅಷ್ಟೇ ಹಿಂಡಿ ತಿನ್ನುತ್ತದೆ, ಅಷ್ಟೇ ನೀರು ಕುಡಿಯುತ್ತದೆ. ಮುಂದಿನ ಕರುವೂ ಅದರ ಹಿಂದೆ ಬರುವ ಹಾಲೂ ಮಾತ್ರ ಮೂರು ವಾರ ದೂರ ಸರಿಯುತ್ತವೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಬಿಳಿಜೋಳದ ಹೊಲಗಳು ಎಷ್ಟೋ ಗದ್ದೆಗಳಾಗಿ, ಕಣಕಿ ಈಗ ಕಾಸು ಕೊಟ್ಟು ತರುವ ವಸ್ತು. ನೆಲ್ಲುಹುಲ್ಲು ಬೇಕಾದಷ್ಟಿದೆ, ಆದರೆ ಅದರಲ್ಲಿ ಸತ್ವ ಕಡಿಮೆ. ಡಾಕ್ಟರು ನನ್ನ ಕಥೆ ಕೇಳಿ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಸರ್, ಆಕಳ ತಪ್ಪೇನಿಲ್ಲ. ಅದು ರಾತ್ರಿಯೆಲ್ಲ ಒದರಿ ಹೇಳ್ಯಾದ” ಎಂದರು.

ಇಸ್ರೇಲಿನಲ್ಲಿ ಆಕಳ ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟುತ್ತಾರೆ. ಬೆದೆಗೆ ಬಂದ ಆಕಳು ಸುಮ್ಮನೆ ನಿಲ್ಲುವುದಿಲ್ಲ, ಹೆಜ್ಜೆ ಹೆಚ್ಚುತ್ತದೆ, ಕಂಪ್ಯೂಟರು ಕೂಗುತ್ತದೆ. ನಮ್ಮಲ್ಲಿ ಆಕಳೇ ಕೂಗಿತು. ಕಂಪ್ಯೂಟರಿನ ಜಾಗದಲ್ಲಿದ್ದವನು ಹೊದ್ದುಕೊಂಡು ಮಲಗಿದ್ದ.

ಗೌರಿಯ ಕಿವಿಯಲ್ಲಿ ಒಂದು ಹಳದಿ ಬಿಲ್ಲೆಯೂ ಇದೆ. ಅದರಲ್ಲಿ ನನ್ನ ಆಧಾರ್ ಕಾರ್ಡಿನಂತೆಯೇ 12 ಅಂಕಿ. ಬಿಲ್ಲೆ ಹಾಕಲು ಬಂದಾಗ ನಮ್ಮ ಓಣಿಯ ಮುದುಕಿಯೊಬ್ಬಳು “ಕಿವಿ ಚುಚ್ಚಸಾಕ ಬಂದೀರಿ, ಬಂಗಾರದ್ದರ ತರಬಾರದೇನೋ ಯಪ್ಪಾ” ಎಂದಿದ್ದಳು. ಆ ನಂಬರು ಒತ್ತಿದರೆ ಡಾಕ್ಟರ ಮೊಬೈಲಿನಲ್ಲಿ ಆರು ತಿಂಗಳಿಗೊಮ್ಮೆ ಹಾಕುವ ಕಾಲುಬಾಯಿ ಬೇನೆಯ ಲಸಿಕೆ, ಇಂಜೆಕ್ಷನ್, ಎಲ್ಲದರ ಜಾತಕ ತೆರೆಯುತ್ತದೆ. ಮನೆಯಾಕೆ ಅದನ್ನೂ ಕೇಳಿ ಕ್ಯಾಲೆಂಡರಿಗೆ ಇಳಿಸಿಕೊಂಡಿದ್ದಾಳೆ. ಹಾಲು ಹಿಂಡುವವರ ಕೈಗೆ ಬಾರದ ಲೆಕ್ಕ ಯಾರ ಮೊಬೈಲಿನಲ್ಲಿದ್ದರೇನು ಎಂಬುದು ಆಕೆಯ ವಾದ. ಬೆಲ್ಲದ ಪ್ರಕರಣದ ನಂತರ ಈ ಮನೆಯಲ್ಲಿ ಪ್ರತಿವಾದವಿಲ್ಲ.

ವಾದಕ್ಕೆ ಸಾಕ್ಷಿಯೂ ಉಂಟು. ಒಮ್ಮೆ ಮುಂಜಾನೆಯ ಹಾಲು ಐದು ಲೀಟರಿನಿಂದ ನಾಲ್ಕೂವರೆಗೆ, ಮರುದಿನ ನಾಲ್ಕಕ್ಕೆ ಇಳಿಯಿತು. ಕೆಚ್ಚಲಲ್ಲಿ ಬಾವಿಲ್ಲ, ಬಿಸಿಯಿಲ್ಲ, ಮೇವು ಬಿಟ್ಟಿರಲಿಲ್ಲ. ನಾನಾದರೆ ಸೆಕೆಯೆಂದು ಬಿಡುತ್ತಿದ್ದೆ. ಯಾದಗಿರಿ ಸೀಮೆಯಲ್ಲಿ ಯಾವುದಕ್ಕೂ ಅದೊಂದು ನೆಪ ಸಾಕು. ಆಕೆ ಎರಡು ಚೌಕ ನೋಡಿ ಡಾಕ್ಟರನ್ನು ಕರೆಸಿದಳು. ಹೊರಗೆ ಕಾಣದ ಕೆಚ್ಚಲುಬಾವು ಒಳಗೆ ಶುರುವಾಗಿತ್ತು.

ನಮ್ಮ ಆಯಿ ಇದೇ ಲೆಕ್ಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಲಿನಿಂದ ಗೆರೆ ಎಳೆದು ಇಡುತ್ತಿದ್ದಳು. ಪ್ರತಿ ದೀಪಾವಳಿಗೆ ಸುಣ್ಣ ಹೊಡೆದಾಗ ವರ್ಷದ ದಾಖಲೆಯೆಲ್ಲ ಮಾಯ. ಅದಕ್ಕಿಂತ ಗಟ್ಟಿಯಾದದ್ದು ಹಳೆಯ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿದೆ. ಅಲ್ಲಿಯ ಬೂದಿದಿಬ್ಬವನ್ನು 1990ರ ದಶಕದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ಅಗೆದು ನೋಡಿದರು. ನಾಲ್ಕು ಸಾವಿರ ವರ್ಷದ ಹಿಂದಿನ ದನದ ದೊಡ್ಡಿ, ಕೂಡಿಟ್ಟು ಸುಟ್ಟ ಸೆಗಣಿಯ ಬೂದಿ! ಅಕ್ಷರ ಗೊತ್ತಿಲ್ಲದ ಜನ ಸೆಗಣಿಯಲ್ಲೇ ದಾಖಲೆ ಬಿಟ್ಟುಹೋಗಿದ್ದಾರೆ. ಸೆಗಣಿಯನ್ನು ಓದುವ ವಿದ್ಯೆ ಇನ್ನೂ ಹೋಗಿಲ್ಲ: ಅದರಲ್ಲಿ ಇಡಿಯ ಕಾಳು ಕಂಡರೆ ತಿನ್ನಿಸಿದ್ದು ಅರಗುತ್ತಿಲ್ಲ, ತೀರಾ ನೀರಾಗಿದ್ದರೆ ಮೇವಿಗಿಂತ ಹಿಂಡಿ ಹೆಚ್ಚಾಯಿತೇ ಎಂದು ನೋಡಬೇಕು.

ಮಲಗುವುದೂ ಒಂದು ಲೆಕ್ಕವೇ. ಹೈನದ ಆಕಳು ದಿನಕ್ಕೆ ಹನ್ನೆರಡು ತಾಸಾದರೂ ಮಲಗಬೇಕು. ಊರ ಪಕ್ಕದಲ್ಲೇ ಮಲಗಿದ ಬುದ್ಧನ ಬೆಟ್ಟ ಇರುವಾಗ ಶಹಾಪುರದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ ಎಂದು ನಾನು ಅಂದಾಗ ಆಕೆ ಬುದ್ಧನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಜುಲೈ 20ಕ್ಕೆ ಮತ್ತೆ ‘ಬೆ’ ಬಂತು, ಈ ಸಲ ‘ಬೆದಿ’ ಎಂದು ಪೂರ್ತಿ ಬರೆದು, ಕೆಳಗೆ ಗೆರೆಯನ್ನೂ ಎಳೆದಿತ್ತು. ಗೌರಿ ಈಗ ಗಬ್ಬ. 280 ದಿನ ಕೂಡಿಸಿದರೆ ಬರುವ ಏಪ್ರಿಲ್ 26. ಮುಂದಿನ ವರ್ಷದ ಕ್ಯಾಲೆಂಡರ್ ಪೇಟೆಗೆ ಇನ್ನೂ ಬಂದಿಲ್ಲವಾದ್ದರಿಂದ ಆ ತಾರೀಖನ್ನು ಕೊಟ್ಟಿಗೆಯ ಗೋಡೆಗೆ ಇದ್ದಲಿನಲ್ಲಿ ಬರೆದಿದ್ದೇವೆ. ದೀಪಾವಳಿಗೆ ಸುಣ್ಣ ಹೊಡೆಯುವವನಿಗೆ ಅಷ್ಟು ಜಾಗ ಬಿಡಲು ಹೇಳಿ ಆಗಿದೆ.