ನಾಲ್ಕು ತಂತಿಯ ಮೂಲಪತ್ರ

ಮೂವತ್ತೊಂದು ವರ್ಷ ಉಪನೋಂದಣಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾವ ವಸ್ತು ಕಂಡರೂ ‘ಇದರ ಹಿಂದಿನ ಮಾಲೀಕರು ಯಾರು?’ ಅನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ಮದುವೆಮನೆಯಲ್ಲಿ ಬೀಗರು ಕೊಟ್ಟ ಬೆಳ್ಳಿ ತಟ್ಟೆಯನ್ನು ಹಿಡಿದು ಹಾಗೆ ಕೇಳಿ, ಹೆಂಡತಿಯಿಂದ ತೋಳು ಚಿವುಟಿಸಿಕೊಂಡಿದ್ದೇನೆ. ನಿವೃತ್ತಿಯಾದರೂ ಕಾಯಿಲೆಗೆ ನಿವೃತ್ತಿಯಿಲ್ಲ.

ಒಂದು ಭಾನುವಾರ ಅಕ್ಕನ ಮಗ ಆಳುದ್ದದ ಕಪ್ಪು ಚೀಲ ಹೊತ್ತುಕೊಂಡು ಬಂದ.

“ವಿಂಟೇಜ್ ಬೇಸ್ ಗಿಟಾರ್ ಮಾವ!”

ಬೆಲೆ ಕೇಳಿದೆ. ನಾನು 1989ರಲ್ಲಿ ಸೈಟಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಸೈಟಿನ ಮೇಲೆ ಮನೆ ಕಟ್ಟಬಹುದಿತ್ತು. ಇದರ ಮೇಲೆ ಬಣ್ಣವೂ ಪೂರ್ತಿ ಉಳಿದಿರಲಿಲ್ಲ.

ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಒಮ್ಮೆ ನೋಡಿ, “ಅಯ್ಯೋ, ಎರಡು ತಂತಿ ಕಿತ್ತುಹೋಗಿದೆಯಲ್ಲೋ. ನೋಡಿ ತರೋದಲ್ವಾ?” ಅಂದಳು.

“ಬೇಸ್‌ಗೆ ಇರೋದೇ ನಾಲ್ಕು, ಅತ್ತೆ. ನಿಮ್ಮ ತಂಬೂರಿಗೂ ನಾಲ್ಕೇ ಅಲ್ವಾ?”

“ತಂಬೂರಿ ಹಿಂದೆ ಕೂತು ಶ್ರುತಿ ಕೊಡುತ್ತೆ, ಅಷ್ಟೆ. ಯಾರೂ ಅದರ ಕಡೆ ನೋಡಲ್ಲ.”

“ಇದೂ ಹಾಗೇ ಅತ್ತೆ. ನಿಲ್ಲಿಸಿದಾಗ ಮಾತ್ರ ಗೊತ್ತಾಗುತ್ತೆ.”

ಸಂಗೀತದ ವಿಷಯ ಅವರಿಬ್ಬರಿಗೆ ಬಿಟ್ಟು ನಾನು ನೇರ ಕಡತಕ್ಕೆ ಬಂದೆ. “ದಾಖಲೆ ಎಲ್ಲಿ?”

“ಯಾವ ದಾಖಲೆ?”

“ಹಳೇ ಸ್ಕೂಟರಿಗೆ ಆರ್‌ಸಿ ಇರುತ್ತೆ, ಸೈಟಿಗೆ ಇ.ಸಿ. ಇರುತ್ತೆ. ಇದಕ್ಕೆ?”

ಅವನು ತಲೆ ಕೆರೆದುಕೊಂಡ. ಆಮೇಲೆ ತುರುಪು ಇಳಿಸಿದ: “ಶಂಕರ್‌ನಾಗ್ ಅವರ ‘ಗೀತಾ’ ಸಿನಿಮಾ ಹಾಡಿಗೆ ನುಡಿಸಿದ್ದು ಇದನ್ನೇ ಅಂತೆ ಮಾವ!”

ಇಳಯರಾಜಾ ಸಂಗೀತದ ಆ ಹಾಡುಗಳಲ್ಲಿ ಬೇಸ್ ಗಿಟಾರ್ ಹೇಗೆ ಓಡಾಡುತ್ತದೆ ಎಂಬುದು ನನ್ನಂಥ ಔರಂಗಜೇಬನಿಗೂ ಗೊತ್ತು. ಆದರೆ ‘ಅಂತೆ’ ಎಂಬ ಪದವನ್ನು ನೋಂದಾಯಿಸುವ ಛಾಪಾಕಾಗದ ಇನ್ನೂ ಅಚ್ಚಾಗಿಲ್ಲ.

“ಬೇಸಿನ ಹಿಂದಿನವರನ್ನೆಲ್ಲ ಹುಡುಕೋಕಾಗುತ್ತಾ ಮಾವ?” ಎಂದವನೇ ಅವನು ತಾನೇ ಒಂದು ಪೂರ್ವನಿದರ್ಶನ ಮಂಡಿಸಿದ. ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪಿಟೀಲಿನ ಆಕಾರದ ಹೋಫ್ನರ್ ಬೇಸ್ ಕೊಂಡರಂತೆ, ಸುಮಾರು 30 ಪೌಂಡಿಗೆ. ಅವರದು ಎಡಗೈ, ಪಿಟೀಲಿನ ಆಕಾರವಾದರೆ ತಿರುವಿ ಹಿಡಿದರೂ ವಿಕಾರ ಕಾಣುವುದಿಲ್ಲ ಎಂಬ ಲೆಕ್ಕ. 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ವ್ಯಾನಿನೊಳಗಿದ್ದ ಅದನ್ನು ಯಾರೋ ಕದ್ದರು. ಕದ್ದ ಮಾಲು ಒಬ್ಬ ಪಬ್ ಮಾಲೀಕನಿಗೆ ದಾಟಿ, ಅವನ ಮನೆತನದಲ್ಲೇ ಇಳಿದು, ಸಸೆಕ್ಸಿನ ಒಂದು ಅಟ್ಟ ಸೇರಿತು. 2018ರಲ್ಲಿ ಹುಡುಕಾಟ ಶುರುವಾಗಿ, ಕಳುವಾದ 51 ವರ್ಷಕ್ಕೆ ಅದು ಪಾಲ್ ಕೈಗೆ ಮರಳಿತು.

“ಐವತ್ತೊಂದು ವರ್ಷ!” ಅಂದೆ. “ನಮ್ಮ ಕಡೆಯಾಗಿದ್ದರೆ ಅಟ್ಟದವರು ಹನ್ನೆರಡನೇ ವರ್ಷಕ್ಕೇ ಪ್ರತಿಕೂಲ ಸ್ವಾಧೀನದ ಅರ್ಜಿ ಹಾಕಿರೋರು.” ಹೇಳುತ್ತಾ ಹೇಳುತ್ತಾ ನನ್ನ ಕೈಗೆ ಸ್ಕ್ರೂಡ್ರೈವರ್ ಬಂದಿತ್ತು.

ಮೊದಲು ಸ್ಥಳ ತನಿಖೆ. ತಲೆಯ ಭಾಗದಲ್ಲಿ ತಂತಿಯ ತುದಿಯ ಪಕ್ಕ ಸಿಗರೇಟು ಸಿಕ್ಕಿಸಿ ಸುಟ್ಟ ಗುರುತು. ಮೇಲ್ಭಾಗದಲ್ಲಿ ಮುಂಗೈ ಉಜ್ಜಿ ಬಣ್ಣ ಹೋಗಿ ಕಾಣುವ ಮರ. ಹಿಂಭಾಗದಲ್ಲಿ ಬೆಲ್ಟಿನ ಬಕಲ್ ಗೀರಿದ ಗೆರೆಗಳು. ಚಕ್ಕುಬಂದಿ ಬರೆಯಲು ಇಷ್ಟು ಸಾಕು. ಇನ್ನು ಅಮೆರಿಕದ ಹಳೇ ಗಿಟಾರುಗಳಲ್ಲಾದರೆ ಒಳಗಿನ ವಾಲ್ಯೂಮ್ ಗುಂಡಿಯ ಬೆನ್ನ ಮೇಲೆ ಜಾತಕವೇ ಇರುತ್ತದಂತೆ: 137 ಎಂದು ಶುರುವಾದರೆ ಸಿಟಿಎಸ್ ಕಂಪನಿಯದು, ಮುಂದಿನದು ಇಸವಿ, ಕೊನೆಯ ಎರಡಂಕಿ ಎಷ್ಟನೆಯ ವಾರ ಅಂತ. ನಮ್ಮದರಲ್ಲಿ ಆ ಜಾತಕವಿರಲಿಲ್ಲ. ಕುತ್ತಿಗೆ ಕೂಡುವ ಕಡೆಯ ಲೋಹದ ಪಟ್ಟಿಯ ಮೇಲೆ ಮಾತ್ರ ‘ಜೆವಿ’ ಎಂಬ ಎರಡಕ್ಷರ, ಮುಂದೆ ಐದು ಅಂಕಿ.

ಹುಡುಗ ಫೋನಿನಲ್ಲಿ ಹುಡುಕಿದ. ಹುಡುಕುತ್ತಿದ್ದಂತೆ ಮುಖ ಇಳಿಯಿತು. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಿಸಿಷನ್ ಬೇಸನ್ನು ಹೊರತಂದದ್ದು 1951ರಲ್ಲಿ, ನಿಜ. ಆದರೆ ಜೆವಿ ಎಂದರೆ ಜಪಾನಿನ ಮಾತ್ಸುಮೋಟೋದಲ್ಲಿ ತಯಾರಾದದ್ದು. ಫೆಂಡರ್ ಜಪಾನ್ ಶುರುವಾದದ್ದೇ 1982ರಲ್ಲಿ. ‘ಗೀತಾ’ ತೆರೆಕಂಡದ್ದು 1981ರಲ್ಲಿ.

“ಹುಟ್ಟೋಕೆ ಮೊದಲೇ ಸಿನಿಮಾಕ್ಕೆ ನುಡಿಸಿದೆ. ಪ್ರಹ್ಲಾದನ ಅಂಶ ಇರಬೇಕು,” ಅಂದೆ.

ಮಾರಿದವನು ಕೆನಡಾಕ್ಕೆ ಹೊರಟಿದ್ದ ಸಾಫ್ಟ್‌ವೇರ್ ಹುಡುಗ. ‘ಗೀತಾ ವಿಷಯ ನನಗೆ ರಿಪೇರಿಯವರು ಹೇಳಿದ್ದು’ ಎಂದು ಕೈ ತೊಳೆದುಕೊಂಡ. ಶಿವಾಜಿನಗರದ ಮಹಡಿಯೊಂದರಲ್ಲಿ ಮ್ಯಾಂಡೊಲಿನ್, ಹಾರ್ಮೋನಿಯಂಗಳ ನಡುವೆ ಕೂತಿದ್ದ ಆ ರಿಪೇರಿಯವರು ಹಣೆ ಚಚ್ಚಿಕೊಂಡರು. “ಸಾರ್, ನಾನು ಹೇಳಿದ್ದು ‘ಗೀತಾ ಪಿಕ್ಚರ್ ಥರಾ ಸೌಂಡ್ ಬರ್ತದೆ’ ಅಂತ. ಆ ಹುಡುಗ ‘ಥರಾ’ನ ಇಲ್ಲೇ ಬಿಟ್ಟು ಹೋಗಿದಾನೆ!”

ಪುರಾಣಗಳು ಹುಟ್ಟುವುದು ಹೀಗೆ. ಒಂದು ಪದ ಕೈಬಿಟ್ಟರೆ ಸಾಕು.

ಅವರಿಗೆ ಅದು ಬಂದದ್ದು ಮಂಗಳೂರಿನ ಮದುವೆ ಬ್ಯಾಂಡಿನವರೊಬ್ಬರಿಂದ, ರಿಪೇರಿ ಬಾಕಿಗೆ ವಜಾ. ನುಡಿಸಿದವರು ಈಗ ಮಸ್ಕತ್‌ನಲ್ಲಿ. ಬೇಸಿನ ತಟ್ಟೆ ಬಿಚ್ಚಿದಾಗ ಒಳಗೆ ಅಂಟಿಸಿದ್ದ ಪ್ಲಾಸ್ಟರಿನ ಮೇಲೆ ಮಂಗಳೂರಿನ ‘ಬೆಂದೂರು’ ಬಡಾವಣೆಯ ಹೆಸರೂ ಐದಂಕಿಯ ಫೋನ್ ನಂಬರೂ ಕಂಡವು. ಮುಂದೆ ಎರಡೆರಡು ಅಂಕಿ ಸೇರಿಸಿ ಪ್ರಯತ್ನಿಸಿದೆ. ಒಮ್ಮೆ ಬೇಕರಿ ಸಿಕ್ಕಿತು. ಕೇಕಿನ ಮೇಲೆ ಯಾರ ಹೆಸರು ಬರೆಯಬೇಕೆಂದು ಕೇಳಿದರು. ಮೂರನೆಯ ಸಲಕ್ಕೆ ಎತ್ತಿದವರು ನುಡಿಸಿದವರ ಅಣ್ಣ. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು ನಿವೃತ್ತರಾದ ಹಿರಿಯರು.

“ಅದು ಇನ್ನೂ ಉಂಟಾ ಮಾರಾಯ್ರೆ?” ಎಂದು ಅವರು ಕೇಳಿದ ದನಿಗೆ ಮುಂದಿನ ವಾರವೇ ನಾವು ಮಂಗಳೂರಿನ ಬಸ್ಸು ಹತ್ತಿದೆವು.

ಗಿಟಾರ್ ಬೇಕೆಂದು ತಮ್ಮ ಕೇಳಿದ್ದ. ಇವರು 1983ರಲ್ಲಿ ಜಪಾನಿನ ಕೋಬೆ ಬಂದರಿನಲ್ಲಿ ಇಳಿದಾಗ, ಭಾಷೆ ಬಾರದ ಅಂಗಡಿಯಲ್ಲಿ, ಗೋಡೆಗೆ ತೂಗುಹಾಕಿದ್ದರಲ್ಲಿ ದೊಡ್ಡದನ್ನೇ ಬೊಟ್ಟುಮಾಡಿ ತೋರಿಸಿ ಕೊಂಡುಬಿಟ್ಟರು. “ಮನೆಗೆ ತಂದ ಕೂಡಲೇ ನಮ್ಮ ಅಮ್ಮ ಹೇಳಿದ್ದು ಎಂತ ಗೊತ್ತುಂಟಾ? ಎರಡು ತಂತಿ ಇಲ್ಲ, ನಿನಗೆ ಮೋಸ ಮಾಡಿದ್ದಾರೆ ಅಂತ!” ಬದಲಾಯಿಸಲು ಕೋಬೆಗೆ ಹೋಗುವುದುಂಟೇ? ಬಂದ ನಾಲ್ಕು ತಂತಿಯಲ್ಲೇ ತಮ್ಮ ಬೇಸ್ ಕಲಿತ. ಇಪ್ಪತ್ತು ವರ್ಷ ಮದುವೆಮನೆಗಳಲ್ಲಿ, ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ರಮಗಳಲ್ಲಿ ನುಡಿಸಿದ.

ಆಮೇಲೆ ಹಿರಿಯರು ತಗಡಿನ ಪೆಟ್ಟಿಗೆ ತೆರೆದು ಒಂದು ಹಳದಿ ಕಾಗದ ತೆಗೆದರು. ಬೊಂಬಾಯಿ ಕಸ್ಟಮ್ಸ್ ರಸೀದಿ! ಮೂಲಪತ್ರ ಕಂಡ ನನ್ನ ಕೈ ನಡುಗಿತು. ಅದರಲ್ಲಿ ಕಾರ್ಬನ್ ಅಕ್ಷರದಲ್ಲಿ ಇದ್ದದ್ದು: ‘ಗಿಟಾರ್, ಒಂದು, ಹಳೆಯದು, ಉಪಯೋಗಿಸಿದ್ದು’.

“ಹಳೆಯದಾ?” ಅಂದೆ.

“ಹೊಸತು ಅಂತ ಹೇಳಿದ್ರೆ ಡ್ಯೂಟಿ ಯಾರು ಕೊಡುವುದು? ದಾರಿಯಲ್ಲಿ ನಾನೇ ಬೀಗದಕೈಯಿಂದ ನಾಲ್ಕು ಗೀರು ಹಾಕಿದೆ.”

ನಾವು ಬೆಲ್ಟಿನ ಬಕಲಿನದೆಂದು ಭಕ್ತಿಯಿಂದ ಸವರಿದ ಗೀರುಗಳವು.

ಹೀಗೆ ಸುಂಕ ಉಳಿಸಲು ಹುಟ್ಟಿದ ವರ್ಷವೇ ಹಳೆಯದಾದ ಬೇಸು, ಈಗ ಬೆಲೆ ಏರಿಸಲು ಇನ್ನಷ್ಟು ಹಳೆಯದಾಗಿ ನಮ್ಮ ಮನೆಗೆ ಬಂದಿದೆ. ನಡುವೆ ಅದು ನಿಜವಾಗಿಯೂ ಹಳೆಯದಾಗಿರುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಊರಿಗೆ ಬಂದು ಹಾಳೆಯೊಂದರಲ್ಲಿ ಮಾಲೀಕರ ಸರಣಿ ಬರೆದು, ರಸೀದಿಯ ಜೆರಾಕ್ಸ್ ಲಗತ್ತಿಸಿ ಚೀಲದೊಳಗಿಟ್ಟೆ. ಇದು ಮುಂದೆ ಯಾರ ಕೈ ಸೇರಿದರೂ ದಯವಿಟ್ಟು ಕೆಳಗೊಂದು ಸಾಲು ಸೇರಿಸಿ. ಷರಾ ಕಾಲಂ ಮಾತ್ರ ತಿದ್ದಬೇಡಿ. ಅಲ್ಲಿ ನಾನೇ ಬರೆದು ರುಜು ಹಾಕಿದ್ದೇನೆ: ‘ತಂತಿ ನಾಲ್ಕೇ. ಯಾವುದೂ ಕಿತ್ತುಹೋಗಿಲ್ಲ.’